ನಿಧಾನದ ಗಂಟೆ, ಅವಸರದ ಗಂಟೆ

ಬೀಚ್ ಹಾಲೋ, ಒಹಾಯೊ
ಮಾರ್ಚ್ 19, 2006, ಭಾನುವಾರ

ಟೋಬಿಯಾಸ್ ಅವರಿಗೆ,

ಇಲ್ಲಿ ಹಿಮ ಕರಗಿ ಅಂಗಳವೆಲ್ಲ ಕೆಸರು. ಮಕ್ಕಳ ಬೂಟು ತೊಳೆಯುವುದೇ ಒಂದು ಕಸುಬಾಗಿದೆ.

ನಿಮ್ಮ ಕಾಗದ ಬುಧವಾರ ಬಂತು. ಅಂದು ಓದಿದೆ, ಗುರುವಾರ ಓದಿದೆ, ನಿನ್ನೆ ನೂಡಲ್ಸ್ ಹಿಟ್ಟು ನಾದುವಾಗ ಏಡಾ ಕೈಗೆ ಸಿಗದ ಹಾಗೆ ಜೇಬಿನಲ್ಲಿ ಇಟ್ಟುಕೊಂಡೆ. ಜೊತೆಯಲ್ಲೇ ಇರುವ ಅಕ್ಕ, ಅವಳಿಗೆ ಗೊತ್ತಾಗದೆ ಇರುತ್ತದೆಯೇ. "ಮದ್ವೆ ಆಗ್ತೀಯಾ ಅಂತ ಕೇಳಿದಾರೆ ತಾನೆ? ಉಪ್ಪು ಎರಡು ಸಲ ಹಾಕಿದೀಯ" ಎಂದಳು.

ನಾನು ಇಲ್ಲ ಎನ್ನುತ್ತಿಲ್ಲ. ಹೂಂ ಎಂದೂ ಇನ್ನೂ ಎನ್ನುತ್ತಿಲ್ಲ. ನವೆಂಬರ್‌ನಲ್ಲಿ ನೆಂಟರ ಮದುವೆಯಲ್ಲಿ ಎದುರು ಬೆಂಚಿನಲ್ಲಿ ಕೂತು ಒಂದೂವರೆ ಗಂಟೆ ಮಾತಾಡಿದ್ದು, ಆಮೇಲೆ ಎಂಟು ಕಾಗದ. ನಮ್ಮ ಪರಿಚಯ ಇಷ್ಟೇ. ನನ್ನ ಎನೋಸ್ ಮರ ಬಿದ್ದು ತೀರಿಕೊಂಡು ನಾಲ್ಕು ವರ್ಷವಾಯಿತು. ನಿಮ್ಮ ಎಡ್ನಾ ಹೋಗಿ ಒಂದು ವರ್ಷ ಆಯಿತಷ್ಟೆ. ನನ್ನವು ಮೂರು ಮಕ್ಕಳು, ನಿಮ್ಮವು ನಾಲ್ಕು. ಕುದುರೆಗೆ ಲಗಾಮು, ಪಟ್ಟಿ ಹೊಲಿಯುವವರು ನೀವು, ಅಳತೆ ತೆಗೆಯದೆ ಚರ್ಮ ಕತ್ತರಿಸುವುದಿಲ್ಲ ತಾನೆ. ನನಗೂ ಸ್ವಲ್ಪ ಸಮಯ ಕೊಡಿ.

ನಾನು ಕೇಳುವುದು ಒಂದೇ. ಮದುವೆಯಾದರೆ ನಿಮ್ಮ ಊರಿಗೆ, ನಿಮ್ಮ ಚರ್ಚಿನ ಸಭೆಗೆ ಬರಬೇಕಾದವಳು ನಾನು. ಆ ಸಭೆ ನೆಮ್ಮದಿಯಾಗಿರಬೇಕು. ಜಗಳವಿರುವ ಸಭೆಗೆ ನಾನು ಮಕ್ಕಳನ್ನು ಕಟ್ಟಿಕೊಂಡು ಬರುವುದಿಲ್ಲ. ಈ ವಿಷಯದಲ್ಲಿ ನಾನು ಮೊಂಡಿ.

ನಿಮ್ಮ ರಾಜ್ಯದವರೂ ಕೊನೆಗೆ ಗಡಿಯಾರದ ಹುಚ್ಚಿಗೆ ಬಿದ್ದರಂತೆ. ಸಂಜೆಯ ಬೆಳಕು ಉಳಿಸಲು ಏಪ್ರಿಲ್ ಎರಡಕ್ಕೆ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಬೇಕಂತೆ, ಅಕ್ಟೋಬರ್ ಕೊನೆಗೆ ಮತ್ತೆ ಹಿಂದಕ್ಕೆ. ನಮಗೆ ಇದು ಹಳೆಯ ರಗಳೆ. ಹೊರಗಿನ ಜನ ಅವಸರದ ಗಂಟೆಯಲ್ಲಿ ಓಡುತ್ತಾರೆ. ನಮ್ಮ ಹಾಗೆ ಕುದುರೆಗಾಡಿಯನ್ನೇ ನಂಬಿದ, ಪಕ್ಕದ ಕಣಿವೆಯ ನಮ್ಮ ಪಂಥದವರು ಸೂರ್ಯನ ಜೊತೆಗೆ ನಿಧಾನದ ಗಂಟೆ ಇಟ್ಟುಕೊಂಡಿದ್ದಾರೆ. ನಮ್ಮ ಸಭೆ ಮಾತ್ರ ಬೇಸಿಗೆಯಲ್ಲಿ ಅರ್ಧ ಗಂಟೆ ತಳ್ಳಿ ಕೈ ತೊಳೆದುಕೊಳ್ಳುತ್ತದೆ. ಸರಕಾರಕ್ಕೂ ಅಲ್ಲ, ಸೂರ್ಯನಿಗೂ ಅಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದರೆ ಬೆರಳು ಮಡಿಸಿ ಲೆಕ್ಕ ಹಾಕಬೇಕು.

ನಿಮ್ಮವರು ಏನು ಮಾಡುತ್ತಾರೆ?

ಸಲೋಮಾ ಯುಟ್ಸಿ


ಟ್ವಿನ್ ಎಲ್ಮ್ಸ್, ಇಂಡಿಯಾನಾ
ಏಪ್ರಿಲ್ 12, 2006

ಸಲೋಮಾ ಅವರಿಗೆ,

ಅಳತೆ ತೆಗೆದುಕೊಳ್ಳಿ. ನನಗೆ ಅವಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಕಾಯುತ್ತೇನೆ.

ಇಲ್ಲಿ ಹತ್ತು ದಿನದಿಂದ ಯಾರ ಗಂಟೆ ಯಾರಿಗೂ ಹೊಂದುತ್ತಿಲ್ಲ. ಹಾಲಿನ ಲಾರಿ ಸರಕಾರದ ಗಂಟೆಗೆ ಬರುತ್ತದೆ, ಹಸುಗಳ ಕೆಚ್ಚಲು ತಮ್ಮ ಗಂಟೆಗೆ ತುಂಬುತ್ತದೆ. ಪಕ್ಕದ ಮನೆಯವರು ಅರ್ಧ ಹಾಲು ಕರೆಯುತ್ತಿದ್ದ ಹಾಗೇ ಲಾರಿಯವನು ಬಂದು ಹಾರ್ನ್ ಹೊಡೆದನಂತೆ. ಹೋದ ಭಾನುವಾರ ಪ್ರಾರ್ಥನೆಯ ಸರದಿ ಬಂದಿದ್ದ ಮನೆಗೆ ಆರು ಕುಟುಂಬ ಒಂದು ಗಂಟೆ ಮೊದಲೇ ಬಂದು ಇಳಿದವು. ಮನೆಯಾತ ಸಗಣಿ ಬೂಟಿನಲ್ಲೇ ಬಂದು ಎಲ್ಲರ ಕೈ ಕುಲುಕಿದ.

ಅದೇ ದಿನ, ಪ್ರಭುಭೋಜನಕ್ಕೆ ಮುಂಚಿನ ನಮ್ಮ ಒಪ್ಪಿಗೆಯ ಸಭೆ ಇತ್ತು. ನಮ್ಮಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮನೆಯ ಗಂಡಸರು ಟ್ರೇಲರ್ ಕಾರ್ಖಾನೆಯ ಕೆಲಸಕ್ಕೆ ಹೋಗುವವರು. ಅವರಿಗೆ ಅವಸರದ ಗಂಟೆಯೇ ಬೇಕು. ಬಿಷಪ್ ಮೆನ್ನೊ ಕೀಮ್, ಎಲ್ಲರೂ ಒಪ್ಪಿದರೆ ಮನೆಮನೆಯ ಗಡಿಯಾರವನ್ನೂ ಮುಂದಕ್ಕೆ ತಳ್ಳೋಣ ಎಂದರು. ಅವರ ಕೈಕೆಳಗಿನ ಡೀಕನ್ ಸಾಲು ಸಾಲಾಗಿ ಬಂದು ಒಬ್ಬೊಬ್ಬರನ್ನೂ ಕೇಳಿದರು. ಐದು ಜನ ಒಪ್ಪಲಿಲ್ಲ. ಒಮ್ಮತವಿಲ್ಲದೆ ರೊಟ್ಟಿ ಮುರಿದು ಪ್ರಭುಭೋಜನ ನಡೆಸುವ ಹಾಗಿಲ್ಲವಲ್ಲ, ಇಪ್ಪತ್ತಮೂರಕ್ಕೆ ಇದ್ದದ್ದನ್ನು ಮುಂದಕ್ಕೆ ಹಾಕಿದ್ದಾರೆ. ಅದು ಆಗುವವರೆಗೆ ಯಾರ ಮದುವೆಯನ್ನೂ ಸಭೆಯಲ್ಲಿ ಸಾರುವುದಿಲ್ಲ. ಇದನ್ನು ನಿಮಗೆ ಹೇಳದೆ ಇರುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ದೊಡ್ಡ ಜಗಳವೇನಲ್ಲ. ಸರಿಹೋಗುತ್ತದೆ.

ಚಿಕ್ಕವನು ಮೋಸ್ ಬಾವಿಕಟ್ಟೆಯ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ. ಒಂಬತ್ತು ವರ್ಷದ ಲಿಡಿಯಾನ್ ಅವನಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ ತಿನ್ನಿಸುತ್ತಿದ್ದಾಳೆ. ಮನೆ ನಡೆಸುವುದು ನಾನಲ್ಲ, ಅವಳು.

ಟೋಬಿಯಾಸ್ ಹರ್ಷ್‌ಬರ್ಗರ್


ಬೀಚ್ ಹಾಲೋ
ಏಪ್ರಿಲ್ 27, 2006

ಟೋಬಿಯಾಸ್ ಅವರಿಗೆ,

ದೊಡ್ಡ ಜಗಳವಲ್ಲ ಎಂದು ಬರೆದಿದ್ದೀರಿ. ಆ ವಾಕ್ಯ ಓದಿ ನನಗೆ ನಿದ್ದೆ ಹಾರಿತು.

ಗಡಿಯಾರದ ಜಗಳ ನಾನು ನೋಡಿದ್ದೇನೆ. ಇಲ್ಲೇ, ನನಗೆ ಹದಿನಾರು ವರ್ಷವಿದ್ದಾಗ. ಮೊದಲು ಏಳು ಜನ ಒಪ್ಪಲಿಲ್ಲ. ಏಳು ಮೂರಾಯಿತು, ಮೂರು ಒಂದಾಯಿತು. ಆ ಒಬ್ಬ ಮೂರು ವರ್ಷ ಕೂತ. ಡೀಕನ್ ಪ್ರತಿ ವಸಂತಕ್ಕೂ ಪ್ರತಿ ಶರತ್ಕಾಲಕ್ಕೂ ಅವನ ಮುಂದೆ ಬಂದು ನಿಲ್ಲುವುದು, ಅವನು ತಲೆ ಅಲ್ಲಾಡಿಸುವುದು. ಆರು ಸಲ ಪ್ರಭುಭೋಜನ ತಪ್ಪಿತು. ನಿಶ್ಚಯವಾಗಿದ್ದ ಮದುವೆಗಳು ನಿಂತವು. ಒಂದು ಹುಡುಗಿಗೆ ಗೊತ್ತಾಗಿದ್ದ ಗಂಡು ಎರಡು ವರ್ಷ ಕಾದು, ಬೇರೆ ಊರಿಗೆ ಹೋಗಿ ಬೇರೆಯವಳನ್ನು ಕಟ್ಟಿಕೊಂಡ. ಆ ಹುಡುಗಿ ಇನ್ನೂ ಹಾಗೇ ಇದ್ದಾಳೆ.

ಆದ್ದರಿಂದ ಕೇಳುತ್ತೇನೆ, ಆ ಐದು ಜನ ಎಂಥವರು? ರೈತರಾದರೆ ಹೆದರಿಕೆಯಿಲ್ಲ. ರೈತರು ಎರಡು ವಾರ ಗೊಣಗಿ ಹಸುಗಳ ಹತ್ತಿರ ಹೋಗಿ ಹೇಳಿಕೊಳ್ಳುತ್ತಾರೆ. ಕಾರಣ ಹೇಳದೆ ಸುಮ್ಮನೆ ಕೂರುವವರು ಇದ್ದಾರೆಯೇ ನೋಡಿ. ಅವರೇ ಕೆಟ್ಟವರು.

ಮೋಸ್‌ನ ಹಲ್ಲು ಹಾಲುಹಲ್ಲು ತಾನೆ, ಮತ್ತೆ ಬರುತ್ತದೆ. ಬ್ರೆಡ್ಡಿಗೆ ಒಂದಿಷ್ಟು ಜೇನು ಹಾಕಲು ಲಿಡಿಯಾನ್‌ಗೆ ಹೇಳಿ.

ಸಲೋಮಾ


ಟ್ವಿನ್ ಎಲ್ಮ್ಸ್
ಮೇ 21, 2006, ಭಾನುವಾರ

ಸಲೋಮಾ ಅವರಿಗೆ,

ಉತ್ತರ ತಡವಾಯಿತು. ಉಳುಮೆಯ ಕಾಲ, ಎಲ್ಲರ ಪಟ್ಟಿಯೂ ಈಗಲೇ ಕಿತ್ತುಹೋಗಬೇಕು. ಅಂಗಡಿಯ ತುಂಬ ಕುದುರೆಯ ಬೆವರಿನ ವಾಸನೆ.

ನೀವು ಹೇಳಿದ ಹಾಗೆಯೇ ಆಯಿತು. ನಾಲ್ವರು ರೈತರು ಒಪ್ಪಿದರು. ಒಬ್ಬರು ಉಳಿದಿದ್ದಾರೆ. ಬಿಷಪ್ ಎರಡು ಸಲ ಅವರ ಹತ್ತಿರ ಹೋಗಿ ಮಾತಾಡಿದ್ದಾರೆ.

ಕಾರಣ ಹೇಳದೆ ಕೂರುವವರು ಕೆಟ್ಟವರು ಎಂದು ಬರೆದಿದ್ದೀರಿ. ಕಾರಣ ಇಲ್ಲದೆ ಇರಲಿಕ್ಕಿಲ್ಲ. ಹೇಳಲು ಬಾಯಿ ಬರದೆ ಇರಬಹುದು. ಹತ್ತಾರು ಗಂಡಸರು ಕೂತಿರುವ ಬೆಂಚಿನಲ್ಲಿ ಎದ್ದು ಹೇಳುವಂಥ ಕಾರಣ ಅದಲ್ಲದೆ ಇರಬಹುದು.

ಜೂನ್‌ನಲ್ಲಿ ಒಮ್ಮೆ ಬಂದು ಮನೆ ನೋಡಿಕೊಂಡು ಹೋಗುತ್ತೀರಾ? ಮಕ್ಕಳೂ ನಿಮ್ಮನ್ನು ನೋಡಿದ ಹಾಗಾಗುತ್ತದೆ.

ಟೋಬಿಯಾಸ್


ಬೀಚ್ ಹಾಲೋ
ಜೂನ್ 1, 2006

ಟೋಬಿಯಾಸ್ ಅವರಿಗೆ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿದ್ದು ಇದೇ ಮೊದಲು. ಮನಸ್ಸು ಬದಲಾಯಿತೇನೋ ಎಂದುಕೊಂಡೆ. ಕೊನೆಯ ಎರಡು ಸಾಲು ನೋಡಿ ಜೀವ ಬಂತು. ಹೀಗೆ ಬರೆಯುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿದೆ, ಆದರೆ ಹೊಡೆದುಹಾಕುವುದಿಲ್ಲ.

ಬರುತ್ತೇನೆ. ಹತ್ತನೇ ತಾರೀಖು ಶನಿವಾರ ಇಲ್ಲಿಂದ ಒಂದು ಬಾಡಿಗೆ ವ್ಯಾನು ನಿಮ್ಮ ದಿಕ್ಕಿಗೆ ಹೊರಟಿದೆ. ಹನ್ನೊಂದಕ್ಕೆ ನಿಮ್ಮಲ್ಲಿ ಇಳಿಯುತ್ತೇನೆ. ಡ್ರೈವರನ ಹನ್ನೊಂದು ಎಂದರೆ ನನಗೆ ಹತ್ತೂವರೆ, ನಿಮಗೆ ಹತ್ತು. ಒಂದು ವ್ಯಾನಿಗೆ ಮೂರು ಗಂಟೆ.

ನಿಮ್ಮ ಆ ಒಬ್ಬ ಪುಣ್ಯಾತ್ಮನ ಹೆಸರು ಹೇಳಿ. ಬಂದಾಗ ಅವನ ಹೆಂಡತಿಯ ಹತ್ತಿರ ಎರಡು ಮಾತಾಡುತ್ತೇನೆ. ಹೆಂಗಸರು ಮನಸ್ಸು ಮಾಡಿದರೆ ಇಂಥ ಗಂಡಸರು ಒಂದು ವಾರದಲ್ಲಿ ದಾರಿಗೆ ಬರುತ್ತಾರೆ. ಏಡಾ ಅನ್ನುತ್ತಾಳೆ, "ಹೆಂಡ್ತಿ ಇಲ್ದೋನೇ ಇರ್ಬೇಕು ಕಣೇ. ಇದ್ದಿದ್ರೆ ಇಷ್ಟ್ ದಿನ ಬಿಡ್ತಿದ್ಲಾ."

ರೂಬಾರ್ಬ್ ಹುಳಿದಂಟಿನ ಪೈ ಮಾಡಿಕೊಂಡು ಬರುತ್ತೇನೆ. ಬೇರೇನೂ ಮಾಡಿಸಬೇಡಿ.

ಸಲೋಮಾ


ಬೀಚ್ ಹಾಲೋ
ಜೂನ್ 12, 2006

ಟೋಬಿಯಾಸ್ ಹರ್ಷ್‌ಬರ್ಗರ್ ಅವರಿಗೆ,

ನಿಮ್ಮ ಮನೆ ಚೆನ್ನಾಗಿದೆ. ಮಕ್ಕಳು ಚೆನ್ನಾಗಿದ್ದಾರೆ. ಲಿಡಿಯಾನ್ ಮಾಡಿದ ಕೋಳಿ ನೂಡಲ್ಸ್ ನನ್ನದಕ್ಕಿಂತ ಒಂದು ಕೈ ಮೇಲು, ನೂಡಲ್ಸ್ ಮಾರಿ ಬದುಕುವವಳು ಹೇಳುತ್ತಿದ್ದೇನೆ. ಅವಳು ತಟ್ಟೆ ತೆಗೆಯಲು ಬೀರು ತೆರೆದಾಗ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನ ಸಾಲುಗಳು ಕಂಡವು. ಮಗು ಲೆಕ್ಕ ಕಲಿಯುತ್ತಿದೆ ಎಂದು ಖುಷಿಪಟ್ಟೆ. ಮೋಸ್ ನನ್ನ ತೊಡೆಯ ಮೇಲೆ ತಾನಾಗಿ ಬಂದು ಕೂತ. ಮನಸ್ಸಿನೊಳಗೆ ನಾನು ಆಗಲೇ ಹೂಂ ಎಂದಾಗಿತ್ತು.

ಊಟವಾದ ಮೇಲೆ ಬಿಷಪ್ ಹೆಂಡತಿ ಮಲಿಂಡಾ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಒರೆಸುತ್ತಿದ್ದರು. ನೀವು ಅಂಗಡಿಯಲ್ಲಿ ನನ್ನ ವ್ಯಾನಿನ ಡ್ರೈವರನಿಗೆ ಬೆಲ್ಟು ತೋರಿಸುತ್ತಿದ್ದಿರಿ. ಮೂರನೇ ತಟ್ಟೆಗೆ ಅವರು ಮೆಲ್ಲಗೆ, "ನೀವಾದ್ರೂ ಅವ್ರಿಗೆ ಹೇಳಿ ತಾಯಿ. ಇಡೀ ಸಭೆ ಅವ್ರೊಬ್ರಿಗೋಸ್ಕರ ಕಾದು ಕೂತಿದೆ" ಎಂದರು.

ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಉಳಿದ ಎಂಟು ತಟ್ಟೆ ಹೇಗೆ ತೊಳೆದೆನೋ ಗೊತ್ತಿಲ್ಲ. ಹೊರಡುವಾಗ ನೀವು ಕೈ ಕುಲುಕಿ, ಬಂದದ್ದು ಸಂತೋಷವಾಯಿತು ಎಂದಿರಿ. ನಾನು ನಿಮ್ಮ ಬೂಟು ನೋಡುತ್ತಾ ನಿಂತಿದ್ದೆ. ನಾಚಿಕೆ ಎಂದುಕೊಂಡಿರೇನೋ.

ಐದು ಜನ ಎಂದು ಬರೆದಿರಿ. ಒಬ್ಬರು ಉಳಿದಿದ್ದಾರೆ ಎಂದು ಬರೆದಿರಿ. ಬಿಷಪ್ "ಅವರ ಹತ್ತಿರ" ಹೋಗಿದ್ದಾರೆ ಎಂದಿರಿ. ನಾನು ಅವನನ್ನು ಹೀಯಾಳಿಸಿದೆ, ಅವನ ಹೆಂಡತಿಯನ್ನು ಎಳೆದು ತಂದು ತಮಾಷೆ ಮಾಡಿದೆ. ಸತ್ತವಳ ಬಗ್ಗೆ ಹಾಗೆ ಬರೆದುಬಿಟ್ಟೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ನೀವು ತಡೆಯಬಹುದಿತ್ತು. ಒಂದು ಸಾಲು ಸಾಕಾಗಿತ್ತು.

ಈಗ ನಾನು ಹೇಳದೆ ಇದ್ದದ್ದನ್ನೂ ಹೇಳುತ್ತೇನೆ. ಇಲ್ಲಿ ಮೂರು ವರ್ಷ ಕೂತ ಆ ಮನುಷ್ಯ ನನ್ನ ಅಪ್ಪ. ಮದುವೆ ತಪ್ಪಿದ ಹುಡುಗಿ ಏಡಾ. ನಮ್ಮ ಗಡಿಯಾರದ ಆ ಅರ್ಧ ಗಂಟೆ ಅವರನ್ನು ಒಪ್ಪಿಸಲು ಬಿಷಪ್ ಕಂಡುಹಿಡಿದದ್ದು. ಇಪ್ಪತ್ತು ವರ್ಷದಿಂದ ಊರಿನವರೆಲ್ಲ ಅದನ್ನು ಇಟ್ಟುಕೊಂಡು ನಗುತ್ತಾರೆ, ನಾನೂ ಜೊತೆಗೆ ನಗುತ್ತೇನೆ. ಯಾಕೆ ಒಪ್ಪಲಿಲ್ಲ ಎಂದು ಅಪ್ಪ ನಮಗೆ ಯಾರಿಗೂ ಒಂದು ದಿನವೂ ಹೇಳಲಿಲ್ಲ.

ನೀವಾದರೂ ಹೇಳಿ. ಯಾಕೆ?

ಸಲೋಮಾ


ಟ್ವಿನ್ ಎಲ್ಮ್ಸ್
ಜೂನ್ 18, 2006, ಭಾನುವಾರ

ಸಲೋಮಾ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನೀವು ನೋಡಿದ ಪೆನ್ಸಿಲ್ ಸಾಲುಗಳು ಲೆಕ್ಕವಲ್ಲ. ಎಡ್ನಾ ಬರೆದದ್ದು. ಹೋದ ವರ್ಷ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅದಕ್ಕೆ ಮುಂಚೆ ಮೂರು ತಿಂಗಳು, ಎದ್ದು ಕೂರಲು ಆದಾಗಲೆಲ್ಲ, ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು ಬರೆದಳು. ಕಾಗದದಲ್ಲಿ ಬರೆದರೆ ಕಳೆದುಹೋಗುತ್ತದೆ ಎಂದಳು. ಹನ್ನೆರಡು ತಿಂಗಳೂ ಇವೆ. ಲಿಡಿಯಾನ್‌ಗೆ ಆಗ ಎಂಟು ವರ್ಷ. ಕೆಲವು ಸಾಲು ಇಲ್ಲಿ ಇಳಿಸುತ್ತೇನೆ.

"ಏಪ್ರಿಲ್. ಆರಕ್ಕೆ ಬೆಳಕು ಹರಿಯುತ್ತೆ. ಮೋಸ್ ಆಗ್ಲೇ ಎದ್ದಿರ್ತಾನೆ, ಒಲೆ ಹತ್ರ ಒಬ್ಬನ್ನೇ ಬಿಡ್ಬೇಡ."

"ಜೂನ್. ಎಂಟಕ್ಕೆ ಬಿಸಿಲು ಅಡುಗೆಮನೆ ಮೇಜಿಗೆ ಬರುತ್ತೆ. ಅಷ್ಟರೊಳ್ಗೆ ಬೆಣ್ಣೆ ನೆಲಮಾಳಿಗೆಗೆ ಇಳ್ಸು."

"ಅಕ್ಟೋಬರ್. ಆರಕ್ಕೆ ಕತ್ತಲು. ಅಪ್ಪ ಅಂಗಡೀಲಿ ಮರ್ತು ಕೂತಿರ್ತಾರೆ. ಹೋಗಿ ಕರಿ."

ಮಗು ಅದನ್ನು ನೋಡಿಕೊಂಡೇ ಮನೆ ನಡೆಸಿತು. ಮೊದಲ ತಿಂಗಳು ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ. ಅವಳು ಬಾಗಿಲು ತೆರೆದು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ನನ್ನನ್ನು ಎಬ್ಬಿಸುತ್ತಿದ್ದಳು. ಎಡ್ನಾ ಬರೆಯುವಾಗ ನಮ್ಮ ಕಡೆ ಯಾರೂ ಗಡಿಯಾರ ಮುಟ್ಟುತ್ತಿರಲಿಲ್ಲ. ಈಗ ಮುಂದಕ್ಕೆ ತಳ್ಳಿದರೆ ಏಳು ತಿಂಗಳು ಆ ಬಾಗಿಲಿನ ಒಂದೊಂದು ಸಾಲೂ ಸುಳ್ಳಾಗುತ್ತದೆ. ಎಂಟಕ್ಕೆ ಮೇಜಿನ ಮೇಲೆ ಬಿಸಿಲಿರುವುದಿಲ್ಲ. ಮಗು ಅಮ್ಮನನ್ನು ನಂಬಬೇಕೋ ಗಡಿಯಾರವನ್ನು ನಂಬಬೇಕೋ?

ಇದನ್ನು ಬೆಂಚಿನಲ್ಲಿ ಎದ್ದು ಹೇಗೆ ಹೇಳಲಿ? ಬೀರುವಿನ ಬಾಗಿಲಿಗೋಸ್ಕರ ಪ್ರಭುಭೋಜನ ನಿಲ್ಲಿಸಿದ್ದೇನೆ ಎಂದೇ? ಡೀಕನ್ ಬಂದು ಮುಂದೆ ನಿಂತಾಗ ಬಾಯಿಂದ ಹೊರಟದ್ದು "ನಾನಿನ್ನೂ ಒಪ್ಪಿಲ್ಲ" ಎಂಬುದಷ್ಟೆ. ನಿಮಗಂತೂ ಹೇಗೆ ಹೇಳಲಿ? ಮದುವೆಯಾಗು ಎಂದು ಒಬ್ಬಳನ್ನು ಕೇಳಿ, ತೀರಿಹೋದವಳ ಅಕ್ಷರಕ್ಕೋಸ್ಕರ ಆ ಮದುವೆಯನ್ನೇ ತಡೆದು ಕೂತಿದ್ದೇನೆ ಎಂದು ಅವಳಿಗೇ ಬರೆಯಬೇಕಿತ್ತು. ಕೈ ಬರಲಿಲ್ಲ.

ನಿಮ್ಮ ತಮಾಷೆಯಿಂದ ನನಗೆ ನೋವಾಗಲಿಲ್ಲ. ಹೆಂಡತಿ ಇಲ್ಲದವನೇ ಇರಬೇಕು ಎಂದು ಏಡಾ ಹೇಳಿದ್ದು ಸರಿಯಾಗಿಯೇ ಇತ್ತು.

ಟೋಬಿಯಾಸ್


ಬೀಚ್ ಹಾಲೋ
ಜೂನ್ 29, 2006

ಟೋಬಿಯಾಸ್ ಅವರಿಗೆ,

ನಿಮ್ಮ ಕಾಗದ ಓದಿ ಅತ್ತೆ. ಆ ಬಾಗಿಲಿನ ಮೇಲೆ ನನಗೆ ಕೋಪವಿಲ್ಲ. ಎಡ್ನಾ ಮೇಲಂತೂ ಇಲ್ಲವೇ ಇಲ್ಲ. ನಾನು ಆ ಮನೆಗೆ ಬಂದಿದ್ದರೆ ಅದನ್ನು ಒರೆಸಲು ಯಾರಿಗೂ ಬಿಡುತ್ತಿರಲಿಲ್ಲ.

ಆದರೆ ನೀವು ಮೂರು ತಿಂಗಳು ಸುಮ್ಮನಿದ್ದಿರಿ. ನಮ್ಮ ಅಪ್ಪ ಮೂರು ವರ್ಷ ಸುಮ್ಮನಿದ್ದರು. ಅವರಿಗೂ ಇಂಥದ್ದೇ ಏನೋ ಒಳ್ಳೆಯ ಕಾರಣ ಇದ್ದಿರಬಹುದು. ಮೇಜಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಅಳುತ್ತಾ ಏಡಾ, ನಡುವೆ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಊಟ ಮಾಡಿದ್ದು ನನಗೆ ಮರೆಯುವುದಿಲ್ಲ. ಅಂಥ ಮೇಜಿಗೆ ನನ್ನ ಮಕ್ಕಳನ್ನು ಕೂರಿಸಲಾರೆ. ಇವತ್ತು ಗಡಿಯಾರ, ನಾಳೆ ಇನ್ನೊಂದು.

ಮಾರ್ಚ್‌ನಲ್ಲಿ ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಲ್ಲ ಎಂದು. ಇನ್ನು ಬರೆಯಬೇಡಿ.

ಸಲೋಮಾ ಯುಟ್ಸಿ


ಟ್ವಿನ್ ಎಲ್ಮ್ಸ್
ಅಕ್ಟೋಬರ್ 24, 2006

ಸಲೋಮಾ ಅವರಿಗೆ,

ಬರೆಯಬೇಡಿ ಎಂದಿದ್ದಿರಿ. ಇದೊಂದನ್ನು ಓದಿ, ಆಮೇಲೆ ಒಲೆಗೆ ಹಾಕಿ. ನಿಮ್ಮ ಹತ್ತಿರ ಒಂದು ವಿಷಯ ಮುಚ್ಚಿಟ್ಟು ಕೆಟ್ಟೆ. ಅದರ ಕೊನೆಯನ್ನೂ ಮುಚ್ಚಿಡುವುದು ಬೇಡ ಎನ್ನಿಸಿತು.

ಆಗಸ್ಟ್ ಕೊನೆಗೆ ಶಾಲೆ ಶುರುವಾಯಿತು. ಹೆಚ್ಚಿನ ಮನೆಯವರ ಅನುಕೂಲಕ್ಕೆ ಅವಸರದ ಗಂಟೆಗೇ ಇಟ್ಟಿದ್ದರು. ನನಗೆ ಯಾರೋ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೊದಲ ದಿನ ನನ್ನ ಮೂವರು ಮಕ್ಕಳು ಒಂದು ಗಂಟೆ ತಡವಾಗಿ ಹೋಗಿ ಬಾಗಿಲಲ್ಲಿ ನಿಂತರಂತೆ. ಇಡೀ ಶಾಲೆ ತಿರುಗಿ ನೋಡಿತಂತೆ. ಲಿಡಿಯಾನ್ ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲ. ಮಾರನೆಯ ದಿನದಿಂದ ತಾನೇ ಒಂದು ಗಂಟೆ ಮೊದಲು ಎದ್ದು, ತಮ್ಮಂದಿರನ್ನು ಎಬ್ಬಿಸಿ, ಡಬ್ಬಿ ಕಟ್ಟಿ ಹೊರಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಮೋಸ್‌ನ ಜೊತೆ ಅಂಗಡಿಯಲ್ಲಿ ಇರುತ್ತಿದ್ದೆ. ಒಂದು ತಿಂಗಳು ನನಗೆ ತಿಳಿಯಲೇ ಇಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಗ್ಗೆ ಸೂಜಿ ಮರೆತು ಮನೆಗೆ ಬಂದೆ. ಮಕ್ಕಳು ಇನ್ನೂ ಮಬ್ಬುಗತ್ತಲಿರುವಾಗಲೇ ಡಬ್ಬಿ ಹಿಡಿದು ಹೊಸ್ತಿಲು ದಾಟುತ್ತಿದ್ದರು. ಗಡಿಯಾರ ತೋರಿಸಿ, ಇದೇನು ಇಷ್ಟು ಬೇಗ ಎಂದೆ. ಆಗ ಎಲ್ಲ ಹೊರಬಂತು. ದಿನವೂ ಎರಡು ಗಂಟೆ ತಲೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾಳೆ ಆ ಮಗು. ಶಾಲೆಗೆ ಒಂದು, ನನಗೆ ಒಂದು. ನನಗೆ ಯಾಕೆ ಹೇಳಲಿಲ್ಲ ಎಂದೆ. ಅಮ್ಮ ಬರೆದದ್ದು ತಪ್ಪಾಗಬಾರದು ಎಂದಲ್ಲವೇ ನಾನು ಇದನ್ನೆಲ್ಲ ಮಾಡಿದ್ದು, ನಿನಗೋಸ್ಕರ ಅಲ್ಲವೇ ಎಂದೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಂಗೆ ಅದೆಲ್ಲಾ ಬಾಯಿಪಾಠ ಆಗೋಗಿದೆ ಅಪ್ಪ, ಹೋದ್ ವರ್ಷಾನೇ. ನೀವು ದಿನಾ ಬಾಗಿಲು ತೆಗ್ದು ನೋಡ್ತೀರಲ್ಲ, ಅದಕ್ಕೆ ನಾನೂ ನೋಡ್ತಿದ್ದೆ."

ಆ ದಿನ ನಾನು ಒಂದು ಹೊಲಿಗೆಯೂ ಹಾಕಲಿಲ್ಲ. ಸಂಜೆ ಬಿಷಪ್ ಮೆನ್ನೊ ಅವರ ಮನೆಗೆ ಹೋಗಿ ಬಾಗಿಲಿನ ಕಥೆ ಪೂರ್ತಿ ಹೇಳಿದೆ. ಅವರು ಗಡ್ಡ ನೀವಿಕೊಂಡು, ನಿನಗೆ ಕಷ್ಟವಾದರೆ ಅರ್ಧ ಗಂಟೆ ಮಾತ್ರ ತಳ್ಳೋಣ ಎಂದರು. ನಾನು ಬೇಡ ಎಂದೆ, ತಳ್ಳುವುದಾದರೆ ಪೂರ್ತಿ ತಳ್ಳಿ. "ಈಗ ಅದಕ್ಕೂ ನಿಂದೇ ತಕರಾರಾ ಮಾರಾಯ?" ಎಂದು ನಕ್ಕರು. ಏಪ್ರಿಲ್‌ನಿಂದ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಎಂಟನೇ ತಾರೀಖಿನ ಒಪ್ಪಿಗೆಯ ಸಭೆಯಲ್ಲಿ ಡೀಕನ್ ನನ್ನ ಮುಂದೆ ಬಂದು ನಿಂತಾಗ, ಒಪ್ಪಿದ್ದೇನೆ ಎಂದೆ. ಮುಂದಿನ ವಸಂತದಿಂದ ಎಲ್ಲರ ಮನೆಯಲ್ಲೂ ಅವಸರದ ಗಂಟೆ. ಮೊನ್ನೆ ಭಾನುವಾರ ಪ್ರಭುಭೋಜನ ಆಯಿತು. ಅದರ ಕೊನೆಗೆ ಒಬ್ಬರ ಕಾಲು ಒಬ್ಬರು ತೊಳೆಯುವಾಗ ನನ್ನ ಜೋಡಿಗೆ ಬಂದದ್ದು ಕಾರ್ಖಾನೆಯ ಫೋರ್‌ಮನ್ ಕ್ರಿಸ್ಟ್. ಬೇಸಿಗೆಯೆಲ್ಲ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನನ್ನ ಪಾದ ಒರೆಸುತ್ತಾ, "ಬ್ಯಾಗ್ ಪಟ್ಟಿ ಕಿತ್ತೋಗಿದೆ, ತರ್ಲಾ?" ಎಂದ. ತಾ ಎಂದೆ.

ಒಪ್ಪಿ ಬಂದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾಗಲಿಲ್ಲ. ಎಡ್ನಾ ಇನ್ನೊಂದು ಸಲ ಹೋದ ಹಾಗಿದೆ. ಯಾರ ಹತ್ತಿರವೂ ಹೇಳಲು ಆಗುತ್ತಿಲ್ಲ. ಸಭೆಯವರೆಲ್ಲ ಸಂತೋಷವಾಗಿದ್ದಾರೆ, ಮಕ್ಕಳು ಸಂತೋಷವಾಗಿದ್ದಾರೆ. ನಾನು ಅಂಗಡಿಯಲ್ಲಿ ಕೂತು ಒಂದೇ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಹೊಲಿಯುತ್ತೇನೆ.

ನಿಮ್ಮನ್ನು ಏನೂ ಕೇಳಲು ಇದನ್ನು ಬರೆಯಲಿಲ್ಲ. ಜೂನ್‌ನಲ್ಲಿ ನೀವು ಇಲ್ಲ ಎಂದದ್ದು ನನಗೆ ಅರ್ಥವಾಗಿದೆ.

ಟೋಬಿಯಾಸ್


ಬೀಚ್ ಹಾಲೋ
ಅಕ್ಟೋಬರ್ 29, 2006, ಭಾನುವಾರ

ಟೋಬಿಯಾಸ್ ಅವರಿಗೆ,

ಒಲೆಗೆ ಹಾಕಲಿಲ್ಲ.

ಇವತ್ತು ಎಲ್ಲರೂ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾರೆ. ಸರಕಾರದವರು ಒಂದು ಗಂಟೆ, ನಾವು ಅರ್ಧ. ನನ್ನ ಮಕ್ಕಳಿಗೆ ಮಾತ್ರ ಹೊಟ್ಟೆಯ ಗಂಟೆ ತಿರುಗಿಲ್ಲ, ಹತ್ತೂವರೆಗೇ ಊಟ ಎಂದು ಗಲಾಟೆ. ಅವಕ್ಕೆ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿ ಕೊಟ್ಟು ಕೂತಿದ್ದೇನೆ. ಕೂತಲ್ಲಿ ಕೂರಲು ಆಗುತ್ತಿಲ್ಲ. ಎರಡು ಸಲ ಎದ್ದು ಕೋಳಿಗೂಡಿಗೆ ಹೋಗಿ ಸುಮ್ಮನೆ ವಾಪಸ್ಸು ಬಂದೆ.

ನಿಮ್ಮ ಕಾಗದವನ್ನು ಏಡಾಗೆ ಓದಿ ಹೇಳಿದೆ. ಜೂನ್‌ನಲ್ಲಿ ನಾನು ಬರೆದ ಉತ್ತರವನ್ನೂ ಹೇಳಿದೆ, ಅಲ್ಲಿಯವರೆಗೆ ಹೇಳಿರಲಿಲ್ಲ. ಅವಳಿಗೆ ಬಂದ ಕೋಪ ನೀವು ನೋಡಬೇಕಿತ್ತು. ಮೂವತ್ತು ಮೊಟ್ಟೆ ಒಡೆದು ಹಾಕಿದ್ದ ಹಿಟ್ಟನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು ಬಂದು ನನ್ನ ಎದುರು ನಿಂತಳು. "ನನ್ನ ಹೆಸ್ರು ಹೇಳ್ಕೊಂಡು ನೀನು ಬೇಡ ಅಂದ್ಯಾ? ನಾನು ನಿನ್ನ ಕೇಳಿದ್ನಾ? ಪೆರ್ರಿ ಹೋಗಿದ್ದು ಅಪ್ಪನಿಂದ ಅಲ್ಲ ಕಣೇ, ಅವನಿಗೆ ಕಾಯೋಕೆ ಆಗ್ಲಿಲ್ಲ, ಅದಕ್ಕೆ ಹೋದ. ನಿಜವಾಗ್ಲೂ ಕಾದೋರು ಯಾರು ಅಂತ ಆ ಕಾಗದದಲ್ಲೇ ನೋಡು."

ತನ್ನನ್ನು ಬಿಟ್ಟುಹೋದ ಪೆರ್ರಿಯ ಹೆಸರನ್ನು ಅವಳು ಇಪ್ಪತ್ತು ವರ್ಷದಲ್ಲಿ ಎತ್ತಿದ್ದು ಇದೇ ಮೊದಲು.

ಈಗ ಒಂದು ವಿಷಯ ಹೇಳುತ್ತೇನೆ. ಇದನ್ನು ಎನೋಸ್‌ಗೂ ಹೇಳಿರಲಿಲ್ಲ. ಅಪ್ಪ ಕೊನೆಗೆ ಒಪ್ಪಿದ ಭಾನುವಾರ ಮನೆಗೆ ಬಂದು ಊಟಕ್ಕೆ ಕೂತರು. ಏಡಾ ಮಹಡಿಯಿಂದ ಇಳಿಯಲೇ ಇಲ್ಲ. ನನಗೆ ಹತ್ತೊಂಬತ್ತು. ತಟ್ಟೆ ಇಟ್ಟೆ, ಸೂಪು ಬಡಿಸಿದೆ. ಬೇಕೆಂದೇ ಮುಖ ನೋಡಲಿಲ್ಲ. ಮೂರು ವರ್ಷ ನಮ್ಮನ್ನು ಅಷ್ಟು ಗೋಳುಹುಯ್ದುಕೊಂಡವರು, ಈಗ ಒಪ್ಪಿ ಬಂದ ತಕ್ಷಣ ಎಲ್ಲ ಸರಿಯಾಯಿತೇ ಎಂದು ನನ್ನ ಹಟ. ಅವರು "ಸೂಪು ಇನ್ನೂ ಇದೆಯೇನಮ್ಮ?" ಎಂದರು. ತಟ್ಟೆಯಲ್ಲಿ ಇದ್ದದ್ದೇ ಖಾಲಿಯಾಗಿರಲಿಲ್ಲ. ನಾನು ಹತ್ತಿರ ನಿಲ್ಲಲಿ ಎಂದು ಕೇಳಿದ್ದು. ನನಗೆ ಅದು ಆಗಲೇ ಗೊತ್ತಾಯಿತು. "ಒಲೆ ಮೇಲಿದೆ" ಎಂದು ಹೇಳಿ ಹೊರಗೆ ಹೋದೆ. ಆ ಜನವರಿಯಲ್ಲಿ ಅವರು ತೀರಿಕೊಂಡರು.

ಜೂನ್‌ನಲ್ಲಿ ನಿಮಗೆ ಇಲ್ಲ ಎಂದು ಬರೆದಾಗ ನನ್ನ ಮಕ್ಕಳ ಸಲುವಾಗಿ ಎಂದುಕೊಂಡಿದ್ದೆ. ಅಲ್ಲ. ಆಗಲೂ ನಾನು ಹೊರಗೆ ಎದ್ದು ಹೋಗುತ್ತಿದ್ದೆ. ನಿಮ್ಮ ಅಂಗಡಿಯಲ್ಲಿ ನೀವು ಒಬ್ಬರೇ ಕೂತು ಬಿಚ್ಚಿ ಹೊಲಿಯುವುದನ್ನು ಓದಿದಾಗ ಇದು ಹೊಳೆಯಿತು.

ಆದ್ದರಿಂದ ಇದನ್ನು ಯಾರಾದರೂ ನಿಮಗೆ ಹೇಳಿದ್ದಾರೋ ಇಲ್ಲವೋ, ನಾನು ಹೇಳುತ್ತೇನೆ. ನೀವು ಒಪ್ಪಿದ್ದು ಒಳ್ಳೆಯದಾಯಿತು. ಅದು ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ಹಗುರಾಗಲು ಇನ್ನೂ ಸಮಯ ಹಿಡಿಯುತ್ತದೆ, ಎಡ್ನಾಳನ್ನು ನೆನೆದು ಅಳುವುದಿದ್ದರೆ ಅಳಿ. ನನ್ನ ಮುಂದೆ ಅಳಬೇಕಾಗಿ ಬಂದರೂ ನನಗೇನೂ ಬೇಜಾರಿಲ್ಲ.

ನಿಮ್ಮ ಕಾಗದದಲ್ಲಿ ಎಲ್ಲವೂ ಇತ್ತು. ಮಾರ್ಚ್‌ನಲ್ಲಿ ಕೇಳಿದ್ದೊಂದು ಇರಲಿಲ್ಲ. ನಾನು ಮೂರು ಸಲ ತಿರುವಿ ಹಾಕಿ ನೋಡಿದೆ.

ಇನ್ನೊಂದು ಸಲ ಕೇಳಿ.

ಸಲೋಮಾ